ಮಾಯುತ್ತಿರುವ ಗಾಯ

ತಂದೆಯವರು ತೀರಿಕೊಂಡಾಗ, ವಂತಿಗೆ ಬಾಕಿಯಿದೆಯೆಂದು ನಮ್ಮ ಸಭೆಯ ಹಿರಿಯರು ಶವಸಂಸ್ಕಾರದ ಪ್ರಾರ್ಥನೆಗೆ ಒಪ್ಪಲಿಲ್ಲ. ಹಡಗಲಿಯಿಂದ ಬಂದ ಸೋದರಮಾವನೇ ಬೈಬಲು ಓದಿ ಮಣ್ಣು ಮಾಡಿದನು. ಅಂದಿನಿಂದ ಚರ್ಚಿನ ಗಂಟೆ ಕೇಳಿದರೆ ನನ್ನ ಮೈ ಉರಿಯುತ್ತಿತ್ತು.

ಅಕ್ಷರ ಬಾರದ ಅವ್ವ ಮಾತ್ರ ದಿನವೂ ನನ್ನಿಂದ ಬೈಬಲು ಓದಿಸುತ್ತಿದ್ದಳು. 1810ರಲ್ಲಿ ಬಳ್ಳಾರಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸರು ಅದನ್ನು ಕನ್ನಡಿಸಲು ಶ್ರಮಿಸಿದ್ದು ಇಂಥ ಮನೆಗಳಿಗಾಗಿಯೇ ಅಲ್ಲವೆ? ನಜರೇತಿನ ಸಭಾಮಂದಿರದವರು ಯೇಸುವನ್ನೇ ಊರ ಹೊರಕ್ಕೆ ಅಟ್ಟಿದ ಭಾಗವನ್ನು ಓದಿದ ರಾತ್ರಿ ನನ್ನ ದುಃಖ ತುಸು ಹಗುರಾಯಿತು. ನಮ್ಮನ್ನು ಹೊರಗಿಟ್ಟವರ ಬಳಿಯಲ್ಲ, ಹೊರಗಾದವರ ಬಳಿಯೇ ಆತನು ನಿಂತಿದ್ದನು.

ಈಗ ಕೊಟ್ಟೂರಿನಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಕೂಡಿ ಪ್ರಾರ್ಥಿಸುತ್ತೇವೆ. ಅಲ್ಲಿ ವಂತಿಗೆಯ ಪುಸ್ತಕವಿಲ್ಲ. ಗಾಯ ಪೂರ್ತಿ ಮಾಯ್ದಿಲ್ಲ. ಆದರೆ ಆ ಹಿರಿಯರ ಹೆಸರನ್ನೂ ಪ್ರಾರ್ಥನೆಯಲ್ಲಿ ಹೇಳಬಲ್ಲೆ.