ಬಲ್ಮಠದ ಗುಡ್ಡದಲ್ಲಿ ಕೇಳಿದ ಸ್ತುತಿ

ಕಾಸರಗೋಡಿನಿಂದ ಉತ್ತರಕ್ಕೆ ಹೊರಟ ರೈಲು ಉಳ್ಳಾಲವನ್ನು ದಾಟಿ ನೇತ್ರಾವತಿಯ ಸೇತುವೆಯನ್ನೇರಿತೆಂದರೆ ಮಂಗಳೂರು ಬಂದಂತೆಯೇ. ಗಡಿನಾಡಿನವರಾದ ನಮಗೆ ಈ ದಾರಿ ಹೊಸದಲ್ಲ. ಆಸ್ಪತ್ರೆಗೆಂದೋ ಜವಳಿಗೆಂದೋ ವರ್ಷದಲ್ಲಿ ಹಲವು ಬಾರಿ ಹೋಗಿಬರುತ್ತೇವೆ. ಆದರೆ ದೇವರನ್ನು ಮನಃಪೂರ್ವಕವಾಗಿ ಸ್ತುತಿಸುವುದೆಂದರೇನೆಂದು ತಿಳಿಯಬಯಸುವವರು ಬಲ್ಮಠದ ಗುಡ್ಡವನ್ನು ಒಮ್ಮೆ ಏರಬೇಕು.

ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಎರಡು ವರ್ಷಗಳ ತರುವಾಯ ಬಂದ ಹೆರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಸಂಗತಿಯನ್ನು ಕನ್ನಡಿಗರೆಲ್ಲರೂ ಬಲ್ಲರು. ಅವರೇ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 1853ರಲ್ಲಿ ಬಂದ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ, ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಪದ್ಯಧಾಟಿಯಲ್ಲಿಯೇ ಹಾಡಿದರು. ಅವರ ಮಹಾನಿಘಂಟು ಹೊರಬಂದುದು 1894ರಲ್ಲಿ. ಜರ್ಮನಿಯಲ್ಲಿ ಹುಟ್ಟಿದವರು ಕನ್ನಡದ ಛಂದಸ್ಸನ್ನು ಇಷ್ಟು ಶ್ರಮಪಟ್ಟು ಕಲಿತದ್ದೇಕೆ? ಎರವಲು ನುಡಿಯಲ್ಲಿ ಹಾಡಿದ ಸ್ತುತಿ ತುಟಿಯಿಂದ ಎದೆಗಿಳಿಯದೆಂದು ಅವರು ಮನಗಂಡಿದ್ದಿರಬೇಕು.

ಈ ಗುಡ್ಡದ ಶಾಂತಿ ದೇವಾಲಯದ ಭಾನುವಾರದ ಆರಾಧನೆಗೆ ನಾವೂ ಕುಳಿತೆವು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ವೃದ್ಧೆಯಿದ್ದರು. ಪುಸ್ತಕ ಮಡಿಲಲ್ಲಿ ಮುಚ್ಚಿಯೇ ಇತ್ತು. ಕೀರ್ತನೆಯ ಚರಣಗಳೆಲ್ಲ ಅವರಿಗೆ ಕಂಠಸ್ಥ. ಸ್ವರ ನಡುಗುತ್ತಿತ್ತು, ತಾಳ ಅಲ್ಲಲ್ಲಿ ಹಿಂದುಳಿಯುತ್ತಿತ್ತು. ಆದರೂ ಒಂದೊಂದು ಪದವನ್ನೂ ಅವರು ಅರ್ಥವರಿತು ಉಚ್ಚರಿಸುತ್ತಿದ್ದರು. ಪಕ್ಕದಲ್ಲಿದ್ದ ಹುಡುಗ ಪುಸ್ತಕ ತೆರೆದು ಹಿಡಿದಿದ್ದನಾದರೂ ಅಕ್ಷರಗಳನ್ನು ಕೂಡಿಸಲಾರದೆ ಸುಮ್ಮನಿದ್ದನು.

ತುಟಿಗಳಿಂದ ಸನ್ಮಾನಿಸಿ ಹೃದಯವನ್ನು ದೂರವಿಟ್ಟ ಜನರನ್ನು ಕುರಿತು ಪ್ರವಾದಿಯಾದ ಯೆಶಾಯನು ಮರುಗಿದನು. ಫಿಲಿಪ್ಪಿಯ ಸೆರೆಮನೆಯಲ್ಲಿ ಬೆತ್ತದ ಪೆಟ್ಟು ತಿಂದ ಪೌಲ ಸೀಲರು, ಕಾಲಿಗೆ ಕೊರಡು ಬಿಗಿದಿದ್ದರೂ, ನಡುರಾತ್ರಿಯಲ್ಲಿ ದೇವರನ್ನು ಹಾಡಿದರು. ನೂರೈವತ್ತು ಕೀರ್ತನೆಗಳಲ್ಲಿಯೂ ಹರ್ಷದ ಪಕ್ಕದಲ್ಲೇ ಅಳಲಿದೆ. ಸ್ತುತಿಗೆ ಸುಖವಾಗಲಿ ಸುಸ್ವರವಾಗಲಿ ಕಡ್ಡಾಯವಲ್ಲ; ಮನಸ್ಸು ಮತ್ತು ಮಾತು ಒಂದಾಗಿರಬೇಕು.

ಪಾಠಶಾಲೆಯಲ್ಲಿ ಮೂರು ದಶಕ ಕಳೆದ ನಮಗೆ ಆ ಹುಡುಗನ ಮೌನ ಮರೆಯದು. ಗಡಿಯ ಈಚೆಗೆ ನಮ್ಮ ಮನೆಗಳಲ್ಲಿಯೂ ಅಂಥ ಮಕ್ಕಳಿದ್ದಾರೆ. ಅವರು ಕಲಿಯುವುದು ಬೇರೆ ಲಿಪಿಯನ್ನು. ದೇವರಿಗೆ ಯಾವ ಭಾಷೆಯೂ ಅನ್ಯವಲ್ಲ; ಪಂಚಾಶತ್ತಮ ದಿನದಲ್ಲಿ ನೆರೆದವರು ತಮ್ಮ ತಮ್ಮ ನುಡಿಯಲ್ಲಿಯೇ ದೇವರ ಮಹತ್ಕಾರ್ಯಗಳನ್ನು ಕೇಳಿದರಷ್ಟೆ. ಮಲಯಾಳದಲ್ಲಿ ಮನಸ್ಸು ನೆಲೆಸಿದ ಮಗು ಮಲಯಾಳದಲ್ಲಿಯೇ ಹಾಡಲಿ, ಸಂತೋಷ. ಆದರೆ ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಕನ್ನಡದ ಕೀರ್ತನೆಯನ್ನು ಓದಲು ಬಾರದಿದ್ದರೆ, ಅದು ಯಾವ ನುಡಿಯಲ್ಲಿ ದೇವರ ಮುಂದೆ ಎದೆ ತೆರೆಯಬೇಕು?

ಪರಿಹಾರ ದೂರವಿಲ್ಲ. ಸಂಜೆಯ ಪ್ರಾರ್ಥನೆಗೆ ಮುನ್ನ ಕಾಲುಗಂಟೆ ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಒಂದು ಕೀರ್ತನೆಯ ಒಂದು ಚರಣವನ್ನು ಓದಿಸಿರಿ. ಅದರ ಅರ್ಥವನ್ನು ಅವರ ಬಾಯಿಂದಲೇ ಹೇಳಿಸಿರಿ. ಆಮೇಲೆ ಎಲ್ಲರೂ ಕೂಡಿ ಹಾಡಿರಿ. ರಾಗ ತಪ್ಪಿದರೆ ತಪ್ಪಲಿ.