ನಗೀನ್ ಸರೋವರದ ದಂಡೆಯಲ್ಲಿ ಸೂಜಿ, ದಾರ ಮತ್ತು ಹಕ್ಕಿಗಳು

ಶ್ರೀನಗರಕ್ಕೆ ಹೋದವರು ಸಾಮಾನ್ಯವಾಗಿ ದಾಲ್ ಸರೋವರದಲ್ಲಿ ಒಂದು ಸುತ್ತು ಶಿಕಾರ ಹತ್ತುತ್ತಾರೆ, ಮೊಘಲ್ ಉದ್ಯಾನಗಳಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ಮರುದಿನ ಗುಲ್ಮಾರ್ಗ್‌ಗೆ ಹೊರಟುಬಿಡುತ್ತಾರೆ. ದಾಲ್‌ನ ಪಕ್ಕದಲ್ಲೇ ಕಿರಿದಾದ ದಾರಿಯೊಂದರ ಆಚೆಗೆ ನಗೀನ್ ಎಂಬ ಇನ್ನೊಂದು ಚಿಕ್ಕ ಸರೋವರವಿರುವುದು ಹಲವರ ಗಮನಕ್ಕೇ ಬರುವುದಿಲ್ಲ. ನಗೀನ್ ಎಂದರೆ ಉಂಗುರದಲ್ಲಿ ಕೂರಿಸಿದ ಹರಳು. ಸುತ್ತಲೂ ವಿಲೋ ಮತ್ತು ಪಾಪ್ಲರ್ ಮರಗಳು, ನಡುವೆ ಹಸಿರು ನೀರು. ಒಂದು ಕಡೆ ಹರಿಪರ್ಬತದ ಕೋಟೆ, ಇನ್ನೊಂದು ಕಡೆ ದೂರದಲ್ಲಿ ಜಬರ್ವಾನ್ ಬೆಟ್ಟಸಾಲು. ಹಜ್ರತ್‌ಬಲ್ ಮಸೀದಿಯ ಬಿಳಿ ಗುಮ್ಮಟವೂ ಇಲ್ಲಿಂದ ಹೆಚ್ಚು ದೂರವಿಲ್ಲ.

2024ರ ಜೂನ್ ತಿಂಗಳಲ್ಲಿ ಪತಿಯವರಿಗೆ ಶ್ರೀನಗರದಲ್ಲಿ ಮೂರು ವಾರಗಳ ಕಚೇರಿ ಕೆಲಸ ಬಿತ್ತು. ಹೋಟೆಲ್ ಬೇಡವೆಂದು ನಗೀನ್ ದಂಡೆಯ ಒಂದು ಮನೆಯಲ್ಲಿ ಕೋಣೆ ಹಿಡಿದೆವು. ಧಾರವಾಡದ ಬಿಸಿಲಿನಿಂದ ಹೊರಟ ನನಗೆ ಸುಮಾರು 1,600 ಮೀಟರ್ ಎತ್ತರದ ಆ ಊರಿನ ಬೇಸಿಗೆ ಹಿತವಾಗಿಯೇ ಇತ್ತು. ಮಧ್ಯಾಹ್ನ ಬಿಸಿಲು ಚುರುಕಾದರೂ ಸಂಜೆ ನೀರಿನ ಮೇಲಿಂದ ಬರುವ ಗಾಳಿಗೆ ಶಾಲು ಹೊದೆಯಬೇಕು. ಪತಿಯವರು ಬೆಳಿಗ್ಗೆ ಹೊರಟರೆ ಸಂಜೆಯೇ ಬರುತ್ತಿದ್ದುದು. ಹೊತ್ತು ಕಳೆಯಲೆಂದು ನಾನು ಅರ್ಧ ಮುಗಿದ ಕಸೂತಿ ಸೆರಗನ್ನು ಜೊತೆಗೆ ಒಯ್ದಿದ್ದೆ. ಅದೇ ನನಗೆ ಆ ಮನೆಯ ಒಳಕೋಣೆಯ ಬಾಗಿಲು ತೆರೆಯಿತು.

ಹಿಂಭಾಗ ತಿರುಗಿಸಿ ನೋಡಿದ ಆಪಾ

ಮನೆಯೊಡತಿಗೆ ಐವತ್ತರ ಆಸುಪಾಸು. ನಾನು ಅವರನ್ನು ಆಪಾ ಎಂದೆ, ಅವರು ನನ್ನನ್ನು ಬೇನಿ ಎಂದರು. ಕಾಶ್ಮೀರಿಯಲ್ಲಿ ಬೇನಿ ಎಂದರೆ ಸಹೋದರಿ. ನಮ್ಮ ದಖನಿಯೂ ಅವರ ಉರ್ದುವೂ ಸೇರಿ ಮಾತುಕತೆಗೆ ತೊಂದರೆಯಾಗಲಿಲ್ಲ. ಮೊದಲ ದಿನವೇ ನನ್ನ ಕೈಯಲ್ಲಿದ್ದ ಸೆರಗನ್ನು ಕಂಡು ಹತ್ತಿರ ಬಂದರು. ಮೇಲಿನ ಗೋಪುರ, ಆನೆಗಳ ಸಾಲನ್ನು ನೋಡುವ ಮೊದಲೇ ಬಟ್ಟೆಯನ್ನು ತಿರುಗಿಸಿ ಹಿಂಭಾಗ ನೋಡಿದರು. "ಇದಕ್ಕೂ ಎರಡು ಮುಖ ಇದೆಯಲ್ಲ!" ಎಂದು ನಕ್ಕರು. ನಮ್ಮ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಎರಡೂ ಕಡೆ ಒಂದೇ ರೀತಿ ಕಾಣುವುದು ನಿಮಗೆ ಗೊತ್ತೇ ಇದೆ. ಚಿತ್ರ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಹಾಕುತ್ತೇವೆಂದಾಗ ಮಾತ್ರ ಅವರು ನಂಬಲಿಲ್ಲ. ಎದುರಿಗೆ ಕೂತು ಒಂದು ತೇರು ಹಾಕಿ ತೋರಿಸಿದ ಮೇಲೆ ತಮ್ಮ ಕೆಲಸದ ಕೋಣೆಗೆ ಕರೆದೊಯ್ದರು.

ಆಪಾ ಮಾಡುವುದು ಸೋಜ್ನಿ ಕಸೂತಿ. ಪಾರ್ಸಿಯಲ್ಲಿ ಸೋಜನ್ ಎಂದರೆ ಸೂಜಿ. ಲಡಾಖ್‌ನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಆಡುಗಳು ಚಳಿಗಾಲ ಮುಗಿದ ಮೇಲೆ ಉದುರಿಸುವ ಒಳರೋಮವನ್ನು ಬಾಚಿ ತೆಗೆದು, ಯಿಂದರ್ ಎಂಬ ರಾಟೆಯಲ್ಲಿ ಹೆಂಗಸರು ನೂತು, ಮಗ್ಗದಲ್ಲಿ ನೇಯ್ದರೆ ಪಶ್ಮಿನಾ ಸಿದ್ಧವಾಗುತ್ತದೆ. ಮನುಷ್ಯನ ಕೂದಲಿಗಿಂತ ಹಲವು ಪಟ್ಟು ತೆಳುವಾದ ಎಳೆ ಅದು. ವಿನ್ಯಾಸ ಬರೆಯುವವನನ್ನು ನಕ್ಕಾಶ್ ಎನ್ನುತ್ತಾರೆ. ಆ ವಿನ್ಯಾಸವನ್ನು ಮರದ ಅಚ್ಚಿನಿಂದ ಬಟ್ಟೆಯ ಮೇಲೆ ಒತ್ತಿ ಕೊಡುತ್ತಾರೆ. ಕೊನೆಗೆ ತೊಳೆದಾಗ ಗುರುತು ಹೋಗುತ್ತದೆ. ಕಟ್ಟು, ಚೌಕಟ್ಟು ಏನೂ ಇಲ್ಲ. ಒಂದು ಮೊಣಕಾಲು ಮಡಚಿ ಅದರ ಮೇಲೆ ಬಟ್ಟೆ ಹರವಿಕೊಂಡು, ಒಂದೇ ಎಳೆ ರೇಷ್ಮೆಯಲ್ಲಿ ಬಾದಾಮಿ, ಚಿನಾರ್ ಎಲೆ, ಹೂಬಳ್ಳಿಗಳನ್ನು ತುಂಬುತ್ತಾ ಹೋಗುತ್ತಾರೆ. ಎರಡೂ ಮುಖ ಒಂದೇ ರೀತಿ ಬಂದರೆ ಅದು ದೋರುಖಾ. ಬಟ್ಟೆಯೇ ಕಾಣದಂತೆ ತುಂಬಿದ ಜಾಮವಾರ್ ಆದರೆ ಒಂದೇ ಶಾಲಿಗೆ ಎರಡು ಮೂರು ವರ್ಷ ಹಿಡಿಯುತ್ತದೆ.

ಇದಲ್ಲದೆ ಆರಿ ಕೆಲಸವಿದೆ. ಕೊಕ್ಕೆ ಸೂಜಿಯಿಂದ ಸರಪಳಿ ಹೊಲಿಗೆ ಹಾಕುವುದು ಅದು. ಪರದೆ, ದಿಂಬಿನ ಗವಸುಗಳಲ್ಲಿ ನೀವು ನೋಡಿರಬಹುದು. ಮದುವೆಯ ಫೆರನ್‌ಗಳಿಗೆ ತಿಲ್ಲಾ ಬೇಕು. ಜರಿ ಎಳೆಯನ್ನು ಬಟ್ಟೆಯ ಮೇಲಿಟ್ಟು, ಇನ್ನೊಂದು ದಾರದಿಂದ ಅದನ್ನು ಹಿಡಿದು ಹೊಲಿಯುವ ಕೆಲಸವದು. ಸೋಜ್ನಿ ಹಿಂದೆ ಹೆಚ್ಚಾಗಿ ಗಂಡಸರ ಕಸುಬಾಗಿತ್ತು, ಈಗ ಮನೆಮನೆಯ ಹೆಂಗಸರ ಕೈಗೂ ಬಂದಿದೆ.

ಈ ಕಲೆ ಬೆಳೆದ ಕಥೆಯಲ್ಲಿ ತೆರಿಗೆಯ ಪಾತ್ರವೂ ಇದೆ. ಮಗ್ಗದಲ್ಲೇ ಚಿತ್ರ ಮೂಡಿಸುವ ಕಾನಿ ಶಾಲುಗಳ ಮೇಲೆ ಹಿಂದೆ ಭಾರೀ ಸುಂಕವಿತ್ತು. 1803ರಲ್ಲಿ ಖ್ವಾಜಾ ಯೂಸುಫ್ ಎಂಬ ವರ್ತಕನೊಬ್ಬ ಅದೇ ಚಿತ್ರಗಳನ್ನು ಸಾದಾ ಶಾಲಿನ ಮೇಲೆ ಸೂಜಿಯಿಂದ ಹಾಕಿಸಿದನೆಂದು ಹೇಳುತ್ತಾರೆ. ಖರ್ಚೂ ಕಡಿಮೆಯಾಯಿತು, ಮೊದಮೊದಲು ಸುಂಕವೂ ತಪ್ಪಿತು. ಹೀಗೆ ಮಗ್ಗಕ್ಕೆ ಸೂಜಿ ಪೈಪೋಟಿಯಾಗಿ ನಿಂತಿತು.

ಮನೆಯೊಳಗೆ ಕೊಡೆ

ಆಪಾ ಅವರ ಕೆಲಸದ ಕೋಣೆಗೆ ಮೊದಲ ಸಲ ಕಾಲಿಟ್ಟಾಗ ನನಗೆ ನಗು ತಡೆಯಲಾಗಲಿಲ್ಲ. ಕೋಣೆಯೊಳಗೆ, ಕಿಟಕಿಯ ಪಕ್ಕದಲ್ಲಿ, ತೊಲೆಯಿಂದ ಕಪ್ಪು ಕೊಡೆಯೊಂದನ್ನು ಬಿಚ್ಚಿ ನೇತುಹಾಕಿದ್ದರು. ಅದರ ಕೆಳಗೆ ಕೂತು ಆಪಾ ಕಸೂತಿ ಹಾಕುತ್ತಿದ್ದರು. ಹೊರಗೆ ಮಳೆಯಿಲ್ಲ, ಮಾಡು ಸೋರುವುದೂ ಇಲ್ಲ. ತಲೆ ಎತ್ತಿ ನೋಡಿದರೆ ತೊಲೆಗೆ ಅಂಟಿದ ಮಣ್ಣಿನ ಗೂಡು, ಅದರಿಂದ ಹೊರಚಾಚಿದ ನಾಲ್ಕು ಪುಟ್ಟ ಹಳದಿ ಬಾಯಿಗಳು!

ಕವಲುತೋಕೆ ಹಕ್ಕಿಗಳು ಬೇಸಿಗೆಯಲ್ಲಿ ಕಾಶ್ಮೀರಕ್ಕೆ ಬಂದು ಮನೆ, ಅಂಗಡಿಗಳ ಒಳಗೇ ಗೂಡು ಕಟ್ಟುತ್ತವೆ. ಗೂಡು ಕಟ್ಟಿದ ಮನೆಗೆ ಬರಕತ್ ಎಂದು ಜನ ಅದನ್ನು ಕೀಳುವುದಿಲ್ಲ. ತಂದೆ ತಾಯಿ ಹಕ್ಕಿಗಳು ದಿನಕ್ಕೆ ನೂರಾರು ಬಾರಿ ಕಿಟಕಿಯಿಂದ ಒಳಗೆ ಹೊರಗೆ ಹಾರುತ್ತವೆ. ಮರಿಗಳದ್ದು ಇನ್ನೊಂದು ಶಿಸ್ತು: ಗೂಡು ಕೊಳೆಯಾಗಬಾರದೆಂದು ಹಿಂಭಾಗವನ್ನು ಹೊರಗೆ ತಿರುಗಿಸಿಯೇ ಹಿಕ್ಕೆ ಹಾಕುತ್ತವೆ. ಕೆಳಗಿರುವುದು ಎರಡು ವರ್ಷದ ದುಡಿಮೆಯ ದೋರುಖಾ ಶಾಲು. "ಜಾಗ ಬದಲಿಸಬಾರದೇ?" ಎಂದು ಕೇಳಿದೆ. "ಬೆಳಕು ಇಲ್ಲೇ ಬರುವುದು ಬೇನಿ. ಅವು ಬಂದದ್ದೂ ಇದೇ ಕಿಟಕಿಗೆ. ಇಬ್ಬರೂ ಹೊಂದಿಕೊಂಡು ಹೋಗಬೇಕು" ಎಂದರು ಆಪಾ.

ಎರಡನೇ ಅತಿಥಿ ಪಿಕಳಾರ. ಮುಂದಕ್ಕೆ ಬಾಗಿದ ಜುಟ್ಟು, ಬಿಳಿ ಕೆನ್ನೆ, ಬಾಲದ ಬುಡದಲ್ಲಿ ಹಳದಿ ಬಣ್ಣವಿರುವ ಹಿಮಾಲಯದ ಬುಲ್‌ಬುಲ್ ಇದು. ಸಮಾವಾರದಿಂದ ಉಪ್ಪಿನ ಚಹಾ ಬಗ್ಗಿಸುವ ಹೊತ್ತಿಗೆ ಸರಿಯಾಗಿ ಕಿಟಕಿಯ ಚೌಕಟ್ಟಿನ ಮೇಲೆ ಹಾಜರು. ಬೇಕರಿಯ ಬಿಸಿ ಗಿರ್ದಾ ರೊಟ್ಟಿಯ ತುಣುಕು ಬೀಳದಿದ್ದರೆ ಕೂಗಿ ಕೂಗಿ ಕೇಳುತ್ತದೆ. ಒಂದು ದಿನ ರೊಟ್ಟಿ ತಡವಾಯಿತು. ಮಹಾಶಯ ನೇರ ಒಳಗೆ ಹಾರಿ ಬಂದು ಆಪಾ ಅವರ ಪಕ್ಕದಲ್ಲಿದ್ದ ಕೆಂಪು ರೇಷ್ಮೆಯ ಎಳೆಯೊಂದನ್ನು ಕಚ್ಚಿಕೊಂಡು ಹೊರಟೇಹೋಯಿತು. ಗುಬ್ಬಚ್ಚಿಗಳಂತೂ ಕತ್ತರಿಸಿ ಬಿಸಾಡಿದ ದಾರದ ತುಂಡುಗಳನ್ನು ದಿನವೂ ಆರಿಸಿ ಒಯ್ಯುತ್ತಿದ್ದವು. ಮನೆಯ ಹಿಂದಿನ ಸಂದಿನಲ್ಲಿದ್ದ ಅವುಗಳ ಗೂಡಿನಿಂದ ಹಸಿರು, ನೀಲಿ, ಕೇಸರಿ ಎಳೆಗಳು ಇಣುಕುತ್ತಿದ್ದವು. "ನಮ್ಮಲ್ಲಿ ಜಾಮವಾರ್ ಹೊದ್ದು ಮಲಗುವವರು ಇವರೊಬ್ಬರೇ" ಎಂದು ಆಪಾ ತಮಾಷೆ ಮಾಡುತ್ತಿದ್ದರು.

ನೀರಿನ ಮೇಲಿನ ಸಂಸಾರಗಳು

ಸಂಜೆ ನಾವೆಲ್ಲ ದಂಡೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಮಿಂಚುಳ್ಳಿ ನಮ್ಮ ಮುಂದೆಯೇ ದೋಣಿ ಕಟ್ಟುವ ಗೂಟದ ಮೇಲೆ ಕೂತು ನೀರಿಗೆ ಧುಮುಕುತ್ತಿತ್ತು. ಗುಳುಮುಳುಕ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತೇಲುತ್ತಿತ್ತು. ತಾವರೆ ಎಲೆಗಳಿದ್ದ ಮೂಲೆಯಲ್ಲಿ ಉದ್ದ ಬಾಲದ ಜಕಾನಾ ಹಕ್ಕಿ ನೀಳ ಬೆರಳುಗಳನ್ನೂರಿ, ನೆಲದ ಮೇಲೆ ನಡೆದಂತೆ ಎಲೆಗಳ ಮೇಲೆ ನಡೆಯುತ್ತಿತ್ತು. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಕಾವು ಕೊಡುವುದು, ಮರಿ ಸಾಕುವುದು ಎಲ್ಲ ಗಂಡಿನ ಹೊಣೆ. ಇದನ್ನು ನನ್ನವರು ಓದಿ ಹೇಳಿದಾಗ ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಮನೆಯಾಕೆ ತನ್ನ ಗಂಡನನ್ನು ಕೂಗಿ ಕರೆದು ಆ ಹಕ್ಕಿಯನ್ನು ಬೆರಳಿಟ್ಟು ತೋರಿಸಿದರು.

ಮನೆಯ ಆರು ಬಾತುಕೋಳಿಗಳದು ಬೇರೆಯೇ ಕಥೆ. ಬೆಳಿಗ್ಗೆ ಬಿಟ್ಟರೆ ಮಗ್ರಿಬ್‌ಗೆ ಸ್ವಲ್ಪ ಮೊದಲು ತಾವಾಗಿಯೇ ಸಾಲಾಗಿ ಮರಳುವವು. ತರಕಾರಿ ದೋಣಿಯವನು ದಂಡೆಗೆ ಬಂದಾಗ ಮಾತ್ರ ನಿಯಮ ಮುರಿಯುತ್ತಿದ್ದವು. ಅವನು ತಕ್ಕಡಿ ಹಿಡಿದು ಈ ಕಡೆ ತಿರುಗಿದರೆ ಆ ಕಡೆಯಿಂದ ಒಂದು ಬಾತು ದೋಣಿ ಹತ್ತಿ ಹಾಖ್ ಸೊಪ್ಪಿನ ಕಟ್ಟಿಗೆ ಬಾಯಿ ಹಾಕುತ್ತಿತ್ತು. ಅವನು ಬೈಯುತ್ತಲೇ ಲೆಕ್ಕಕ್ಕೆ ಒಂದು ಕಟ್ಟು ಹೆಚ್ಚು ಸೇರಿಸುತ್ತಿದ್ದ, ಆಪಾ ಚೌಕಾಸಿ ಮಾಡದೆ ಕೊಡುತ್ತಿದ್ದರು.

ಜೂನ್ 17ರಂದು ಬಕ್ರೀದ್. ಕುರ್ಬಾನಿಯ ಮಾಂಸವನ್ನು ಪಾಲು ಮಾಡಿ ನೆರೆಹೊರೆಗೆ ದೋಣಿಯಲ್ಲೂ ಕಳುಹಿಸುತ್ತಾರೆ. ಆ ದಿನ ನಗೀನ್‌ನ ಆಕಾಶದ ತುಂಬ ಹದ್ದುಗಳು. ಆಪಾ ಅವರ ಹತ್ತು ವರ್ಷದ ಮಗ ತಟ್ಟೆಗೆ ಬಟ್ಟೆ ಮುಚ್ಚಿ ದೋಣಿಯಲ್ಲಿ ನಿಂತಿದ್ದ. ನೀರಿನ ನಡುವೆ ಒಂದು ಹದ್ದು ಇಳಿದು ಬಟ್ಟೆಯನ್ನೇ ಎತ್ತಿಕೊಂಡು ಹೋಯಿತು. ಮಾಂಸ ಉಳಿಯಿತು! ಹದ್ದು ಮೇಲೇರಿ ತನ್ನ ಬೇಟೆಯನ್ನು ಪರೀಕ್ಷಿಸಿ, ನಿರಾಶೆಯಿಂದ ಸರೋವರಕ್ಕೆ ಬೀಳಿಸಿತು. ಹುಡುಗ ಗೆದ್ದವನಂತೆ ಕುಣಿಯಲು ಹೋಗಿ ದೋಣಿ ಓಲಾಡಿದಾಗ ದಂಡೆಯಲ್ಲಿದ್ದ ಅಜ್ಜಿ "ಕೂತ್ಕೋ!" ಎಂದು ಕೂಗಿದ್ದು ಆಚೆ ದಂಡೆಗೂ ಕೇಳಿಸಿರಬೇಕು.

ಮಗಳ ಲೆಕ್ಕದ ಪುಸ್ತಕ

ನಗುವಿನ ಜೊತೆಗೆ ಆ ಕೋಣೆಯಲ್ಲಿ ಒಂದು ಚಿಂತೆಯೂ ಇತ್ತು. ಆಪಾ ಹನ್ನೆರಡನೇ ವಯಸ್ಸಿಗೆ ಸೂಜಿ ಹಿಡಿದವರು. ಈಗ ದಪ್ಪ ಕನ್ನಡಕ ಹಾಕಿದರೂ ಮಧ್ಯಾಹ್ನದ ನಂತರ ಎಳೆಗಳು ಮಸುಕಾಗುತ್ತವೆ. ಶಾಲು ಇನ್ನೂ ಮೂರು ಗೇಣು ಬಾಕಿ. ಪದವಿ ಓದುತ್ತಿರುವ ಮಗಳ ಕೈ ತಾಯಿಯಷ್ಟೇ ನಯ, ಆದರೆ ಅವಳು ಆ ಕೆಲಸ ಮಾಡುವುದಿಲ್ಲವೆಂದು ಹಟ ಹಿಡಿದಿದ್ದಳು. ಕಾರಣ ಕೇಳಿದಾಗ ಒಂದು ನೋಟ್‌ಪುಸ್ತಕ ತಂದಿಟ್ಟಳು. ಎರಡು ವರ್ಷದಲ್ಲಿ ತಾಯಿ ಕೂತ ದಿನಗಳು, ವ್ಯಾಪಾರಿ ಕಂತಿನಲ್ಲಿ ಕೊಟ್ಟ ಹಣ, ಎಲ್ಲ ಬರೆದಿದ್ದಳು. ಭಾಗಿಸಿ ನೋಡಿದರೆ ದಿನಕ್ಕೆ ಸಿಕ್ಕಿದ್ದು ಕಟ್ಟಡದಲ್ಲಿ ಕಲ್ಲು ಹೊರುವವರ ಕೂಲಿಗಿಂತ ಕಡಿಮೆ. "ಅಂಗಡಿಯಲ್ಲಿ ಇದೇ ಶಾಲಿನ ಬೆಲೆ ಕೇಳಿದ್ದೀರಾ ಆಂಟಿ? ಅಮ್ಮಿಯ ಹೆಸರು ಎಲ್ಲೂ ಇರುವುದಿಲ್ಲ" ಎಂದಳು. ಅವಳ ಮಾತಿಗೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ.

ಯಂತ್ರದ ಕಸೂತಿ ಬಂದ ಮೇಲೆ ಸಂಕಷ್ಟ ಹೆಚ್ಚಾಗಿದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಯಂತ್ರ ಗಂಟೆಗಳಲ್ಲಿ ಮುಗಿಸುತ್ತದೆ, ಮಾರುವವರು ಅದನ್ನೂ ಕೈಕೆಲಸವೆಂದೇ ಮಾರುತ್ತಾರೆ. ಇನ್ನೊಂದು ಕಡೆ ಒಳ್ಳೆಯ ಸುದ್ದಿಯೂ ಇದೆ. ಕಾಶ್ಮೀರದ ಸೋಜ್ನಿಗೆ, ಪಶ್ಮಿನಾಕ್ಕೆ ನಮ್ಮ ಕಸೂತಿಯಂತೆಯೇ ಜಿಐ ಮಾನ್ಯತೆ ಸಿಕ್ಕಿದೆ. ಶ್ರೀನಗರವನ್ನು ಯುನೆಸ್ಕೋ 2021ರಲ್ಲಿ ಕರಕುಶಲ ಮತ್ತು ಜಾನಪದ ಕಲೆಯ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು. ವಿಶ್ವ ಕರಕುಶಲ ನಗರವೆಂಬ ಗೌರವ ಬಂದದ್ದು ನಾವು ಅಲ್ಲಿದ್ದ 2024ರ ಜೂನ್‌ನಲ್ಲೇ. ಪತ್ರಿಕೆಯಲ್ಲಿ ಓದಿದ ಮಗಳು ತಾಯಿಗೆ ತೋರಿಸಿ, "ಅಮ್ಮೀ, ನಗರಕ್ಕೆ ಬಿರುದು ಸಿಕ್ಕಿತು, ಕೂಲಿ ಯಾವಾಗ ಏರುತ್ತದೆ?" ಎಂದಳು. ಆಪಾ ಸೂಜಿಗೆ ದಾರ ಪೋಣಿಸಿಕೊಡು ಎಂದು ಕೈ ಚಾಚಿದರು. ಮಗಳು ಪೋಣಿಸಿಕೊಟ್ಟಳು.

ನಾವು ಹೊರಡುವ ಹೊತ್ತಿಗೆ ತಾಯಿ ಮಗಳು ಒಂದು ಒಪ್ಪಂದಕ್ಕೆ ಬಂದಿದ್ದರು. ಉಳಿದ ಮೂರು ಗೇಣನ್ನು ಮಗಳು ಮುಗಿಸಿಕೊಡುತ್ತಾಳೆ. ಅದರ ನಂತರ ಆ ವ್ಯಾಪಾರಿಯಿಂದ ದೊಡ್ಡ ಶಾಲು ಹಿಡಿಯುವುದಿಲ್ಲ. ಬೇಗ ಮುಗಿಯುವ ಸ್ಟೋಲ್‌ಗಳನ್ನು ಹಾಕಿ, ಮೂಲೆಯಲ್ಲಿ ತಾಯಿಯ ಹೆಸರು ಹೊಲಿದು, ಮನೆಗೆ ಬರುವ ಅತಿಥಿಗಳಿಗೆ ನೇರವಾಗಿ ಮಾರುವುದು. ಮೊದಲ ಸ್ಟೋಲ್ ನಾನೇ ಕಾಯ್ದಿರಿಸಿ ಬಂದೆ. ಚಳಿಗಾಲದಲ್ಲಿ ಅಂಚೆಯಲ್ಲಿ ಬಂತು. ಅಂಚಿನಲ್ಲಿ ಚಿನಾರ್ ಎಲೆಗಳ ನಡುವೆ, ನಕ್ಕಾಶ್ ಬರೆಯದ ಒಂದು ಪುಟ್ಟ ಚಿತ್ರ: ಕೆಂಪು ಎಳೆ ಕಚ್ಚಿಕೊಂಡ ಜುಟ್ಟಿನ ಪಿಕಳಾರ.

ಕೊಳ್ಳುವ ಮುನ್ನ

ಕಾಶ್ಮೀರಕ್ಕೆ ಹೋಗುವ ಸಹೋದರಿಯರಿಗೆ ಒಂದೆರಡು ಮಾತು. ಶಾಲು ಕೊಳ್ಳುವಾಗ ಹಿಂಭಾಗ ತಿರುಗಿಸಿ ನೋಡಿ. ಯಂತ್ರದ ಕೆಲಸದಲ್ಲಿ ಹೊಲಿಗೆಗಳು ಅಚ್ಚೊತ್ತಿದಂತೆ ಒಂದೇ ಸಮನಾಗಿರುತ್ತವೆ, ಹಿಂದೆ ಎರಡನೇ ದಾರ ಓಡಿರುತ್ತದೆ. ಕೈಕೆಲಸದಲ್ಲಿ ಒಂದು ಎಲೆಯಂತೆ ಇನ್ನೊಂದು ಇರುವುದಿಲ್ಲ. ಕೆಲವೇ ನೂರು ರೂಪಾಯಿಗೆ ಅಪ್ಪಟ ಪಶ್ಮಿನಾ ಸಿಗುವುದಿಲ್ಲ. ಬೆಲೆಬಾಳುವುದನ್ನು ಕೊಳ್ಳುವಾಗ ಜಿಐ ಗುರುತು ಕೇಳಿ. ಯಾರಾದರೂ ಗುಟ್ಟಾಗಿ ಶಾಹತೂಷ್ ತೋರಿಸಿದರೆ ಮುಟ್ಟಲೂ ಬೇಡಿ. ಪಶ್ಮಿನಾಕ್ಕೆ ಆಡನ್ನು ಬಾಚಿದರೆ ಸಾಕು, ಶಾಹತೂಷ್‌ಗಾಗಿ ಟಿಬೆಟ್ ಪ್ರಸ್ಥಭೂಮಿಯ ಚಿರು ಎಂಬ ಜಿಂಕೆಯಂತಹ ಪ್ರಾಣಿಯನ್ನು ಕೊಲ್ಲುತ್ತಾರೆ. ಜಮ್ಮು ಕಾಶ್ಮೀರದಲ್ಲೂ 2002ರಿಂದ ಅದಕ್ಕೆ ನಿಷೇಧವಿದೆ.

ಸಾಧ್ಯವಾದರೆ ಹೊಲಿದವರ ಮನೆಗೇ ಹೋಗಿ ಅವರ ಕೈಯಿಂದಲೇ ಕೊಳ್ಳಿ. ಬೇಸಿಗೆಯಾಗಿದ್ದರೆ, ಕೋಣೆಯ ಒಳಗೆ ಕಾಲಿಡುವ ಮೊದಲು ಒಮ್ಮೆ ತೊಲೆಯ ಕಡೆ ನೋಡಿಕೊಳ್ಳಿ!