ಮಂಗಳವಾರ ಬರೆದ ಉಯಿಲು

ಮಂಗಳವಾರ ನಮ್ಮ ಕಡೆ ಜಮೀನಿನ ಕ್ರಯ ಇಟ್ಟುಕೊಳ್ಳುವವರು ಕಡಿಮೆ. ಅವತ್ತು ಮಂಗಳವಾರ, ಮೇಲಾಗಿ ನವರಾತ್ರಿಯ ಮೂರನೇ ದಿನ, 2023ರ ಅಕ್ಟೋಬರ್ 17. ಹೊಳೆನರಸೀಪುರದ ಸಬ್‌ರಿಜಿಸ್ಟ್ರಾರ್ ಕಚೇರಿ ಹತ್ತಿರ ಪತ್ರ ಬರೆದುಕೊಡುವುದು ನನ್ನ ಕಸುಬು ಅಂತ ನಿಮಗೆಲ್ಲ ಗೊತ್ತಿದೆ. ಇನ್ನೂ ಬೋಣಿಯಾಗಿರಲಿಲ್ಲ. ಮೂವರು ಬಂದು ಬೆಂಚಿನ ಮೇಲೆ ಕೂತರು. ಮೂವತ್ತೈದರ ಆಸುಪಾಸಿನ ಇಬ್ಬರು ಹುಡುಗರು, ಜೊತೆಗೆ ಒಬ್ಬ ತಾಯಿ.

ಒಬ್ಬನದು ಅರಕಲಗೂಡು ಕಡೆ, ಹೊಗೆಸೊಪ್ಪು ಬೆಳೆಯುವ ಮನೆ; ಬಂದಿದ್ದ ತಾಯಿ ಅವನ ತಾಯಿ. ಇನ್ನೊಬ್ಬ ಚನ್ನರಾಯಪಟ್ಟಣದ ಕಡೆಯವನು, ತೆಂಗಿನ ತೋಟದವರು. ಹೆಸರು ಹೇಳುವುದಿಲ್ಲ, ನೀವೂ ಕೇಳಬೇಡಿ. ಎರಡೂ ಊರಿನ ನಡುವೆ ಇರುವುದು ಹೊಳೆನರಸೀಪುರ. ಇಲ್ಲಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ಬಂದಿದ್ದರು. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಒಂದೇ ರೂಮಿನಲ್ಲಿದ್ದವರು, ಆಮೇಲೆ ಅಮೆರಿಕಕ್ಕೆ ಹೋಗಿ, ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ಮದುವೆಯಾಗಿದ್ದರು.

ಪ್ಲಾಸ್ಟಿಕ್ ಕವರಿನಿಂದ ಒಂದು ಸರ್ಟಿಫಿಕೇಟ್ ತೆಗೆದು ನನ್ನ ಮುಂದಿಟ್ಟರು. ಗಟ್ಟಿ ಕಾಗದ. ಕೆಳಗಡೆ ಶಾಯಿ ಇಲ್ಲದೆ ಒತ್ತಿದ ಉಬ್ಬು ಮುದ್ರೆ. ಬೆರಳಾಡಿಸಿದರೆ ಅಕ್ಷರ ಕೈಗೆ ಸಿಗುತ್ತಿತ್ತು.

“ಅಣ್ಣ, ಇದು ಇಲ್ಲಿ ನಡೆಯುತ್ತಾ?”

ನಡೆಯುವುದಿಲ್ಲ ಅಂದೆ. ವಿದೇಶದಲ್ಲಿ ಆದ ಮದುವೆಗೆ 1969ರ ಕಾಯ್ದೆ ಇದೆ, ಜಾತಿ ಧರ್ಮ ಬಿಟ್ಟು ಆಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ವಿಶೇಷ ವಿವಾಹಕ್ಕೆ ಗಂಡಿಗೆ 21 ತುಂಬಿರಬೇಕು, ಹೆಣ್ಣಿಗೆ 18. ಅಲ್ಲೇ ಬಾಗಿಲು ಮುಚ್ಚಿತು. ಅಲ್ಲಿ ವಿಮಾನ ಹತ್ತುವಾಗ ದಂಪತಿ, ಬೆಂಗಳೂರಿನಲ್ಲಿ ಇಳಿದರೆ ಇಬ್ಬರೂ ಅವಿವಾಹಿತರು.

ಆದರೆ ಅವತ್ತು ಸಲಿಂಗ ಮದುವೆಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಡುವ ದಿನ. ಏಪ್ರಿಲ್ 18ರಿಂದ ಐವರು ನ್ಯಾಯಮೂರ್ತಿಗಳು ಹತ್ತು ದಿನ ವಾದ ಕೇಳಿ, ಮೇ 11ಕ್ಕೆ ತೀರ್ಪು ಕಾಯ್ದಿರಿಸಿದ್ದರು. ಅರ್ಜಿ ಹಾಕಿದವರಲ್ಲಿ ನಮ್ಮ ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯೂ ಇದ್ದರು. “ಕೋರ್ಟು ಹೂಂ ಅಂದರೆ ಸಂತೋಷವಾಗಿ ಮನೆಗೆ ಹೋಗಿ, ಇಲ್ಲ ಅಂದರೆ ಉಯಿಲು ಬರೆಯೋಣ” ಅಂದೆ. ಮೊಬೈಲನ್ನು ಪ್ರಿಂಟರಿಗೆ ಒರಗಿಸಿ ನೇರಪ್ರಸಾರ ಹಾಕಿ ಕಾದೆವು.

ಕಾಯುವಾಗ ಚನ್ನರಾಯಪಟ್ಟಣದ ಹುಡುಗ ಒಂದು ಸಂಗತಿ ಹೇಳಿದ. ಅಮೆರಿಕದಲ್ಲೂ ಮೊದಲು ಹೀಗೇ ಇತ್ತಂತೆ, ಒಂದು ರಾಜ್ಯದಲ್ಲಿ ಆದ ಮದುವೆ ಪಕ್ಕದ ರಾಜ್ಯಕ್ಕೆ ಕಾಲಿಟ್ಟರೆ ಇಲ್ಲ. ಒಹಾಯೊ ರಾಜ್ಯದಲ್ಲಿ ಜಿಮ್ ಒಬರ್ಗಫೆಲ್ ಮತ್ತು ಜಾನ್ ಆರ್ಥರ್ ಅಂತ ಇಬ್ಬರು. ಆರ್ಥರ್‌ಗೆ ನರಗಳ ಕಾಯಿಲೆ, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಅವರ ರಾಜ್ಯದಲ್ಲಿ ಮದುವೆಗೆ ಅವಕಾಶವಿಲ್ಲ. 2013ರ ಜುಲೈನಲ್ಲಿ ರೋಗಿಯನ್ನು ಸಾಗಿಸುವ ಪುಟ್ಟ ವಿಮಾನ ಮಾಡಿಕೊಂಡು ಮೇರಿಲ್ಯಾಂಡಿನ ಬಾಲ್ಟಿಮೋರಿಗೆ ಹೋದರು. ನಿಲ್ದಾಣದಲ್ಲಿ ನಿಂತ ವಿಮಾನದೊಳಗೇ ಮದುವೆಯಾಗಿ ಹಿಂದಿರುಗಿದರು. ಅಕ್ಟೋಬರಿನಲ್ಲಿ ಆರ್ಥರ್ ತೀರಿಕೊಂಡರು. ಮರಣ ಪ್ರಮಾಣಪತ್ರದಲ್ಲಿ ಸಂಗಾತಿ ಅಂತ ತನ್ನ ಹೆಸರು ಇರಬೇಕು, ಒಬರ್ಗಫೆಲ್ ಹಟ ಹಿಡಿದಿದ್ದು ಇಷ್ಟಕ್ಕೆ. ಆ ಮೊಕದ್ದಮೆ ಮೇಲಕ್ಕೆ ಹೋಗಿ, 2015ರ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರಂತೆ ತೀರ್ಪು ಕೊಟ್ಟಿತು: ಎಲ್ಲ ರಾಜ್ಯಗಳೂ ಇಂಥ ಮದುವೆ ಮಾಡಿಸಬೇಕು, ಬೇರೆ ರಾಜ್ಯದಲ್ಲಿ ಆದದ್ದನ್ನೂ ಒಪ್ಪಬೇಕು.

ತಾಯಿ ಎಲ್ಲ ಕೇಳಿಸಿಕೊಂಡು, “ಸತ್ತೋರ ಚೀಟೀಲಿ ಒಂದ್ ಹೆಸರು ಬರಸಕ್ಕೆ ಇಷ್ಟೊಂದು ಒದ್ದಾಡ್ಬೇಕಾ?” ಅಂದರು.

ಹೇಳುವುದು ಇನ್ನೂ ಇದೆ.

ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮೊದಲು ಓದಿದರು. ಇದು ನಗರದ ಸಿರಿವಂತರ ವಿಚಾರ ಅಂತ ಕೇಂದ್ರ ಸರ್ಕಾರ ವಾದಿಸಿತ್ತಲ್ಲ, ಅದನ್ನು ಅವರು ಒಪ್ಪಲಿಲ್ಲ. ಇಂಗ್ಲಿಷ್ ಮಾತಾಡುವ ಪಟ್ಟಣದ ನೌಕರನಷ್ಟೇ ಹೊಲದಲ್ಲಿ ದುಡಿಯುವ ಹೆಣ್ಣೂ ಈ ಗುಂಪಿಗೆ ಸೇರಿರಬಹುದು ಎಂಬರ್ಥದ ಮಾತು ಬಂತು. ಮಗ ಅದನ್ನು ಕನ್ನಡದಲ್ಲಿ ಹೇಳಿದಾಗ ತಾಯಿಯ ಮುಖ ಅರಳಿತು. ಎಲ್ಲ ಗೆದ್ದೇಬಿಟ್ಟೆವು ಅಂತಲೇ ಮೂವರೂ ತಿಳಿದರು.

ಆಮೇಲೆ ಉಳಿದವರು ಓದಿದರು. ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ರವೀಂದ್ರ ಭಟ್, ಅವರ ಜೊತೆ ಹಿಮಾ ಕೊಹ್ಲಿ, ಬೇರೆಯಾಗಿ ಬರೆದ ನರಸಿಂಹ, ಈ ಮೂವರದೇ ಬಹುಮತ. ಮದುವೆ ಮೂಲಭೂತ ಹಕ್ಕಲ್ಲ, ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ ಅಂತ ಐವರೂ ಒಂದಾಗಿ ಹೇಳಿದರು. ಮದುವೆ ಬೇಡ, ಜೊತೆಬಾಳುವೆಗಾದರೂ ಕಾನೂನಿನ ಮಾನ್ಯತೆ ಇರಲಿ ಎಂದವರು ಚಂದ್ರಚೂಡ್ ಮತ್ತು ಐದನೆಯವರಾದ ನ್ಯಾಯಮೂರ್ತಿ ಕೌಲ್ ಇಬ್ಬರೇ. ಲಿಂಗತ್ವ ಅಲ್ಪಸಂಖ್ಯಾತರು ಗಂಡು ಹೆಣ್ಣಾಗಿ ಈಗಿನ ಕಾಯ್ದೆಯಲ್ಲೇ ಮದುವೆಯಾಗಬಹುದು ಎಂದದ್ದು ಒಂದು ಗೆಲುವು. ನನ್ನ ಬೆಂಚಿನ ಮೇಲೆ ಕೂತವರಿಗೆ ಅದರಿಂದ ಏನೂ ಸಿಗಲಿಲ್ಲ.

ಮಗ ತಲೆ ಬಗ್ಗಿಸಿ ಕೂತ. ಇನ್ನೊಬ್ಬ ಸರ್ಟಿಫಿಕೇಟನ್ನು ಕವರಿಗೆ ಹಾಕಿದ. ತಾಯಿ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. “ಆಯ್ತಲ್ಲ, ಬರೀರಿ ಮತ್ತೆ. ಇವ್ನ ಪಾಲು ಇವ್ನ ಜೊತೆ ಬಾಳ್ತಿರೋನಿಗೆ ಸೇರ್ಬೇಕು. ನಾನಿರೋವಾಗ್ಲೇ ಆಗ್ಲಿ.”

ಆ ತಾಯಿ ಬಿಟ್ಟುಕೊಟ್ಟದ್ದು ಎಷ್ಟು ಅಂತ ನಿಮಗೆ ತಿಳಿಯಬೇಕು. ಹೆಂಡತಿ ಮಕ್ಕಳಿಲ್ಲದ ಹಿಂದೂ ಗಂಡಸು ಉಯಿಲಿಲ್ಲದೆ ಸತ್ತರೆ ಆಸ್ತಿ ಮೊದಲು ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ, ಅವರೂ ಇಲ್ಲದಿದ್ದರೆ ಒಡಹುಟ್ಟಿದವರಿಗೆ. ಜೊತೆಯಲ್ಲಿ ಬಾಳಿದವನಿಗೆ ಮೂರು ಕಾಸೂ ಇಲ್ಲ. ತನಗೆ ಬರುವುದನ್ನೇ ಆಕೆ ತಾನೇ ನಿಂತು ಬರೆಸಿದರು. ಮಗನ ಸಹಿ ಬಿತ್ತು, ಸಾಕ್ಷಿ ಇಬ್ಬರನ್ನು ನಾನೇ ಕರೆದೆ, ಎದುರಿನ ಕಚೇರಿಯಲ್ಲಿ ನೋಂದಣಿಯೂ ಆಯಿತು. ಚನ್ನರಾಯಪಟ್ಟಣದವನದೂ ಬರೆದೆ. ಅವನ ಮನೆಯಿಂದ ಯಾರೂ ಬಂದಿರಲಿಲ್ಲ.

ಕಾಯ್ದೆ ಮಾಡುವುದು ಸಂಸತ್ತು ಎಂಬ ಮಾತಿನಲ್ಲಿ ತರ್ಕವಿದೆ, ಒಪ್ಪುತ್ತೇನೆ. ಆದರೆ ಜೀವಮಾನವಿಡೀ ಉಯಿಲು ಬರೆದವನಾಗಿ ಹೇಳುತ್ತೇನೆ, ಮದುವೆ ಮಾಡುವ ಕೆಲಸವನ್ನು ಉಯಿಲು ಮಾಡಲಾರದು. ಅದಕ್ಕೆ ಜೀವ ಬರುವುದು ಬರೆದವನು ಸತ್ತ ಮೇಲೆ. ಅಪಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದಾಗ ಆಪರೇಷನ್‌ಗೆ ಸಹಿ ಯಾರದು, ಗಂಡನ ಪಿಂಚಣಿ ಹೆಂಡತಿಗೆ ಹೋಗುವ ಹಾಗೆ ಇವರಿಗೆ ಹೋಗುತ್ತದಾ, ಇದಕ್ಕೆಲ್ಲ ನನ್ನ ಕಾಗದದಲ್ಲಿ ಉತ್ತರವಿಲ್ಲ. ಸತ್ತ ಮೇಲೂ ದಾಯಾದಿಗಳು ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆ.

ಆಮೇಲೆ ಚೂರುಪಾರು ಆಗಿದೆ. 2024ರ ಏಪ್ರಿಲ್‌ನಲ್ಲಿ ಇಂಥ ಜೋಡಿಗಳ ಹಕ್ಕುಗಳನ್ನು ನೋಡಲು ಕೇಂದ್ರದ ಸಂಪುಟ ಕಾರ್ಯದರ್ಶಿಯ ಸಮಿತಿ ಬಂತು. ಅದೇ ವರ್ಷ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು. ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರೆಂದು ಎಣಿಸಿ ಅಂತ ರಾಜ್ಯಗಳಿಗೆ ಪತ್ರ ಹೋಯಿತು. ಮರುಪರಿಶೀಲನೆಯ ಅರ್ಜಿಗಳು ಮಾತ್ರ 2025ರ ಜನವರಿಯಲ್ಲಿ ವಜಾ ಆದವು. ಇನ್ನು ಸಂಸತ್ತೇ ಕಾಯ್ದೆ ಮಾಡಬೇಕು, ಮಾಡಿ ಅಂತ ನಾವು ಓಟು ಕೊಟ್ಟವರನ್ನು ಕೇಳಬೇಕು.

ನಿಮ್ಮ ಮನೆಯಲ್ಲೋ ಬಂಧುಗಳಲ್ಲೋ ಹೀಗೆ ಬಾಳುತ್ತಿರುವವರಿದ್ದರೆ ಅಲ್ಲಿಯವರೆಗೆ ಕಾಯಲು ಹೇಳಬೇಡಿ. ಬ್ಯಾಂಕಿಗೆ ಹೋಗಿ ನಾಮಿನಿ ಬರೆಸಲಿ, ಉಯಿಲು ಮಾಡಿಸಲಿ. ಉಯಿಲಿಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆಯೇ ನಡೆಯುತ್ತದೆ. ಆಸ್ತಿ ಪಡೆಯುವವರನ್ನು ಬಿಟ್ಟು ಬೇರೆ ಇಬ್ಬರು ಸಾಕ್ಷಿ ಹಾಕಲಿ, ಸಾಧ್ಯವಾದರೆ ರಿಜಿಸ್ಟರ್ ಮಾಡಿಸಲಿ. ಸಾಕ್ಷಿಗೆ ಯಾರೂ ಸಿಗದಿದ್ದರೆ ನೀವೇ ಹೋಗಿ ನಿಲ್ಲಿ.